ಬೂಟ್ ಡಿಸ್ಕಿನ ಮೆನು: ಮೊದಲ ಕೆಲವು ಸೆಕೆಂಡುಗಳ ಇತಿಹಾಸ

ಕೆಟ್ಟು ನಿಂತ ಕಂಪ್ಯೂಟರನ್ನು ರಿಪೇರಿ ಮಾಡಿಸಿದ ಅನೇಕರು ಈ ದೃಶ್ಯವನ್ನು ಕಂಡಿರುತ್ತಾರೆ. ಬಂದವನು ಚೀಲದಿಂದ ಒಂದು ಸಿ.ಡಿ. ತೆಗೆಯುತ್ತಾನೆ. ಅದನ್ನು ಡ್ರೈವಿಗೆ ಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ವಿಂಡೋಸ್ ಬರುವುದಿಲ್ಲ. ಬದಲಿಗೆ ಬಣ್ಣದ ಹಿನ್ನೆಲೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ: ಪ್ರೊಸೆಸರ್, ಮೆಮೊರಿ, ಹಾರ್ಡ್ ಡಿಸ್ಕ್, ಇತರೆ. ಬಾಣದ ಗುರುತಿನ ಕೀಲಿಯಿಂದ ಕೆಳಗಿಳಿದು ಎಂಟರ್ ಒತ್ತಿದರೆ ಆ ಪಟ್ಟಿಯೊಳಗಿನಿಂದ ಇನ್ನೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲೊಂದನ್ನು ಆರಿಸಿದರೆ ಒಂದು ಪುಟ್ಟ ತಂತ್ರಾಂಶ ಎದ್ದು ನಿಂತು ಯಂತ್ರದ ನಾಡಿ ಹಿಡಿಯುತ್ತದೆ.

ಗ್ರಂಥದ ಪರಿವಿಡಿಗೂ ನಿಘಂಟಿನ ಅಕಾರಾದಿಗೂ ಇತಿಹಾಸವಿದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಈ ಮೆನುವಿಗೂ ಅಂಥದೇ ಒಂದು ಇತಿಹಾಸವಿದೆ. ಅದನ್ನು ಬರೆದವರಲ್ಲಿ ದೊಡ್ಡ ಕಂಪನಿಗಳ ಎಂಜಿನಿಯರುಗಳಿದ್ದಾರೆ, ಸಂಬಳವಿಲ್ಲದೆ ರಾತ್ರಿ ಕೂತು ಕೋಡ್ ಬರೆದವರಿದ್ದಾರೆ, ಲೈಸೆನ್ಸಿನ ಗೊಡವೆಗೆ ಹೋಗದೆ ಸಿಕ್ಕಿದ್ದನ್ನೆಲ್ಲ ಒಂದೇ ಡಿಸ್ಕಿಗೆ ತುಂಬಿದವರೂ ಇದ್ದಾರೆ. ಇವರೆಲ್ಲರ ಕೆಲಸದ ಹಿಂದೆ ಒಂದೇ ಪ್ರಶ್ನೆ ಇತ್ತು. ವಿದ್ಯುತ್ ಹರಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಯಂತ್ರ ಯಾರ ಮಾತು ಕೇಳಬೇಕು?

ಪ್ರಶ್ನೆ ಹುಟ್ಟುವುದು ಒಂದು ಒಗಟಿನಿಂದ. ಕಂಪ್ಯೂಟರಿನ ಮೆಮೊರಿ ವಿದ್ಯುತ್ ಹೋದೊಡನೆ ಬರಿದಾಗುತ್ತದೆ. ಡಿಸ್ಕಿನಿಂದ ಒಂದು ಪ್ರೋಗ್ರಾಮನ್ನು ಮೆಮೊರಿಗೆ ತರಲು ಇನ್ನೊಂದು ಪ್ರೋಗ್ರಾಮು ಮೆಮೊರಿಯಲ್ಲಿ ಇರಲೇಬೇಕು. ಅದನ್ನು ತಂದವರು ಯಾರು? ನಮ್ಮಲ್ಲಿ ಬೀಜ ಮೊದಲೋ ಮರ ಮೊದಲೋ ಎನ್ನುತ್ತೇವೆ. ಇಂಗ್ಲಿಷಿನವರು ತಮ್ಮ ಬೂಟಿನ ಪಟ್ಟಿಯನ್ನು ತಾವೇ ಹಿಡಿದೆಳೆದು ಮೇಲೇಳುವುದು ಎನ್ನುತ್ತಾರೆ. ಆ ನುಡಿಗಟ್ಟಿನ ‘ಬೂಟ್‌ಸ್ಟ್ರ್ಯಾಪ್’ 1950ರ ದಶಕದಲ್ಲೇ ಕಂಪ್ಯೂಟರಿನವರ ಬಾಯಿಗೆ ಬಂದು, ಸವೆದು ‘ಬೂಟ್’ ಆಯಿತು. ಕಾಲಿಗೆ ಹಾಕುವ ಬೂಟಿಗೂ ‘ಸಿಸ್ಟಮ್ ಬೂಟ್ ಆಗ್ತಾ ಇಲ್ಲ’ ಎಂಬ ಗೋಳಿಗೂ ಇರುವ ಸಂಬಂಧ ಇಷ್ಟೇ.

ಈ ಒಗಟನ್ನು ಮೊದಮೊದಲು ಬಿಡಿಸಿದ್ದು ಮನುಷ್ಯನ ಬೆರಳು. 1975ರ ಆಲ್ಟೇರ್ 8800 ಯಂತ್ರದ ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳಿದ್ದವು. ಯಂತ್ರ ಹಚ್ಚಿದವನು ಅವುಗಳನ್ನು ಮೇಲೆ ಕೆಳಗೆ ಮಾಡುತ್ತ ಮೊದಲ ಪುಟ್ಟ ಪ್ರೋಗ್ರಾಮನ್ನು ಒಂದೊಂದೇ ಬೈಟಾಗಿ ಕೈಯಾರೆ ಊಡಿಸಬೇಕಿತ್ತು. ಅದು ಪೇಪರ್ ಟೇಪನ್ನು ಓದಲು ಕಲಿತ ಮೇಲೆ ಉಳಿದದ್ದೆಲ್ಲ ಟೇಪಿನಿಂದ ಬರುತ್ತಿತ್ತು. ಕಷ್ಟದ ಕೆಲಸ, ನಿಜ. ಆದರೆ ಆ ಯಂತ್ರ ತನ್ನೊಡೆಯ ಹೇಳದ ಒಂದೇ ಒಂದು ಸಂಗತಿಯನ್ನೂ ಮಾಡುವಂತಿರಲಿಲ್ಲ.

1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿ ಬೆರಳಿನ ಈ ಕೆಲಸವನ್ನು ಒಂದು ಚಿಪ್ಪಿಗೆ ವಹಿಸಿತು. ಅದರಲ್ಲಿ ಅಳಿಸಲಾಗದಂತೆ ಬರೆದಿಟ್ಟ ತಂತ್ರಾಂಶಕ್ಕೆ ಬಯಾಸ್ ಎಂದು ಹೆಸರು. ವಿದ್ಯುತ್ ಬಂದೊಡನೆ ಬಯಾಸ್ ಎಚ್ಚೆತ್ತು, ಕೀಲಿಮಣೆ, ಮೆಮೊರಿ ಇತ್ಯಾದಿಗಳನ್ನು ತಡವಿ ನೋಡಿ, ಫ್ಲಾಪಿಯ ಮೊಟ್ಟಮೊದಲ 512 ಬೈಟುಗಳನ್ನು ಮೆಮೊರಿಗೆ ತಂದು ಯಂತ್ರದ ಲಗಾಮನ್ನು ಅದರ ಕೈಗೆ ಕೊಡುತ್ತಿತ್ತು. ಆ 512 ಬೈಟುಗಳಲ್ಲಿ ಏನಿದೆ, ಯಾರು ಬರೆದರು ಎಂದು ಅದು ಕೇಳುತ್ತಿರಲಿಲ್ಲ. ಫ್ಲಾಪಿಯೇ ಇಲ್ಲದಿದ್ದರೆ ಚಿಪ್ಪಿನಲ್ಲೇ ಇದ್ದ ಬೇಸಿಕ್ ಭಾಷೆ ಪರದೆಯ ಮೇಲೆ ಬಂದು ನಿಲ್ಲುತ್ತಿತ್ತು. 1983ರಲ್ಲಿ ಹಾರ್ಡ್ ಡಿಸ್ಕ್ ಬಂದಾಗಲೂ ಏರ್ಪಾಡು ಇದೇ. ಡಿಸ್ಕಿನ ಮೊದಲ 512 ಬೈಟುಗಳಲ್ಲಿ 64 ಬೈಟು ಡಿಸ್ಕನ್ನು ನಾಲ್ಕು ಭಾಗ ಮಾಡುವ ಕೋಷ್ಟಕಕ್ಕೆ ಹೋಯಿತು, ಎರಡು ಬೈಟು ಗುರುತಿಗೆ ಹೋಯಿತು, ಉಳಿದ 446 ಬೈಟು ಕೋಡಿಗೆ. ಮುಂದಿನ ಮೂವತ್ತು ವರ್ಷಗಳ ಬೂಟ್ ತಂತ್ರಗಳೆಲ್ಲ ಈ ಅಂಗೈಯಗಲದ ಜಾಗದಲ್ಲಿ ಬೇರೂರಿದವು.

ಕೇಳದೆ ನಂಬುವ ಗುಣದ ಇನ್ನೊಂದು ಮುಖ ಬೇಗನೆ ಕಾಣಿಸಿತು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿಯ ಆ ಮೊದಲ 512 ಬೈಟುಗಳಲ್ಲೇ ಮನೆ ಮಾಡಿತು. ಪಿಸಿಯ ಮೊದಲ ವೈರಸ್ ಎಂದು ಹೆಸರಾದದ್ದು ಅದೇ. ಅದು ಹೊಕ್ಕ ಫ್ಲಾಪಿಯಿಂದ ಯಂತ್ರ ಎದ್ದರೆ ಡಾಸ್ ಬರುವ ಮುಂಚೆಯೇ ಬ್ರೇನ್ ಬಂದು ಕೂತಿರುತ್ತಿತ್ತು, ಹಿಂದೆಯೇ ಹಾಕಿದ ಫ್ಲಾಪಿಗಳಿಗೆಲ್ಲ ಹಬ್ಬುತ್ತಿತ್ತು. ಮೊದಲು ಬಂದವನೇ ಯಜಮಾನ ಎಂಬುದು ಹೀಗೆ ಎಲ್ಲರಿಗೂ ಮನದಟ್ಟಾಯಿತು. ಈ ಎರಡು ಮುಖಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ರಿಪೇರಿಯವನು ಒಳಬಂದ ಬಾಗಿಲಿನಿಂದಲೇ ಕಳ್ಳನೂ ಬಂದ. ಮುಂದಿನ ಕಥೆಯಲ್ಲಿ ಆ ಬಾಗಿಲಿಗೆ ಬೀಗ ಹಾಕಿದಾಗಲೆಲ್ಲ ಇಬ್ಬರೂ ಹೊರಗುಳಿಯುತ್ತಾರೆ.

ರೋಗ ಪತ್ತೆ ಮಾಡುವವನಿಗೆ ಆ ಮೊದಲ ಕ್ಷಣ ಏಕೆ ಬೇಕು? ಮೆಮೊರಿ ಪರೀಕ್ಷೆಯನ್ನೇ ನೋಡೋಣ. ವಿಂಡೋಸ್ ಅಥವಾ ಲಿನಕ್ಸ್ ಓಡುತ್ತಿರುವಾಗ ಮೆಮೊರಿಯ ದೊಡ್ಡ ಪಾಲನ್ನು ಅದೇ ಹಿಡಿದಿಟ್ಟುಕೊಂಡಿರುತ್ತದೆ. ಆ ಪಾಲನ್ನು ಅಳಿಸಿ, ಬರೆದು, ಮತ್ತೆ ಓದಿ ಪರೀಕ್ಷಿಸಲು ಬರುವುದಿಲ್ಲ. ಕುಳಿತ ಚಾಪೆಯನ್ನು ಕುಳಿತವನೇ ಕೊಡವಲು ಹೋದಂತೆ. ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಮೆಮ್‌ಟೆಸ್ಟ್86 ಈ ಕಾರಣಕ್ಕೇ ಯಾವ ಕಾರ್ಯಾಚರಣೆ ವ್ಯವಸ್ಥೆಯ ಮೇಲೂ ಒರಗದೆ ಫ್ಲಾಪಿಯಿಂದ ನೇರವಾಗಿ ಏಳುತ್ತಿತ್ತು. ತಾನು ನಿಂತ ಪುಟ್ಟ ಜಾಗವನ್ನೂ ಬಿಡದೆ, ಅಲ್ಲಿಂದ ಬೇರೆಡೆಗೆ ಸರಿದು ಅದನ್ನೂ ಪರೀಕ್ಷಿಸುತ್ತಿತ್ತು. ಹಾರ್ಡ್ ಡಿಸ್ಕಿನದೂ ಇದೇ ಮಾತು. ಸಾಯುತ್ತಿರುವ ಡಿಸ್ಕಿನ ಮೇಲಿನ ವ್ಯವಸ್ಥೆಯನ್ನೇ ಎಬ್ಬಿಸಿ ಅದೇ ಡಿಸ್ಕನ್ನು ಪರೀಕ್ಷಿಸಿದರೆ, ಪರೀಕ್ಷೆಯೇ ಅದರ ಕೊನೆಯ ಉಸಿರಾಗಬಹುದು. ಹೊರಗೆ ನಿಂತು ನೋಡಬೇಕು. ಆ ‘ಹೊರಗೆ’ ಎಂಬ ಜಾಗ ಇದ್ದದ್ದು ಬೂಟ್ ಡಿಸ್ಕಿನಲ್ಲಿ ಮಾತ್ರ.

ಫ್ಲಾಪಿಯ ಕಾಲದಲ್ಲಿ ಪ್ರತಿ ಉಪಕರಣಕ್ಕೂ ಒಂದೊಂದು ಫ್ಲಾಪಿ. ಮೆಮೊರಿಗೊಂದು, ಒಂದು ಕಂಪನಿಯ ಹಾರ್ಡ್ ಡಿಸ್ಕಿಗೊಂದು, ಇನ್ನೊಂದು ಕಂಪನಿಯದಕ್ಕೆ ಮತ್ತೊಂದು, ಡಾಸ್‌ಗೊಂದು. ತಲಾ 1.44 ಮೆಗಾಬೈಟ್. ಮೆನುವಿನ ಆಸೆ ಆಗಲೇ ಇತ್ತು. 1993ರಲ್ಲಿ ಬಂದ ಎಂಎಸ್-ಡಾಸ್ 6.0ರಲ್ಲಿ ಯಂತ್ರ ಏಳುವಾಗಲೇ ಒಂದು ಆಯ್ಕೆಪಟ್ಟಿ ತೋರಿಸುವ ಸೌಲಭ್ಯ ಬಂತು. ಯಂತ್ರ ಏಳುವಾಗ ಓದುವ ಒಂದು ಪಠ್ಯ ಕಡತದಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು, ಮೆನುವೂ ಸಿದ್ಧ, ಅದರೊಳಗೆ ಉಪಮೆನುವೂ ಸಿದ್ಧ. ಒಂದು ಪಟ್ಟಿಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಆಯ್ಕೆ ಇರುವಂತಿರಲಿಲ್ಲ. ಹತ್ತನೆಯದು ಬೇಕಾದರೆ ಉಪಮೆನುವಿಗೇ ಹೋಗಬೇಕು. ಆಟಕ್ಕೆ ಬೇಕಾದ ಮೆಮೊರಿ ಉಳಿಸಿಕೊಳ್ಳಲು ಒಂದು ಆಯ್ಕೆ, ಸಿ.ಡಿ. ಡ್ರೈವ್ ಬೇಕಾದಾಗ ಇನ್ನೊಂದು ಎಂದು ಜನ ಇದನ್ನು ಧಾರಾಳವಾಗಿ ಬಳಸಿದರು. ವಿಂಡೋಸ್ 98ರ ಸ್ಟಾರ್ಟಪ್ ಫ್ಲಾಪಿ ‘ಸಿ.ಡಿ. ಸಹಿತವೋ, ರಹಿತವೋ’ ಎಂದು ಕೇಳುತ್ತಿದ್ದುದನ್ನು ಆ ಕಾಲದಲ್ಲಿ ಕಂಪ್ಯೂಟರ್ ಕಲಿತವರು ಮರೆತಿರಲಾರರು. ಒಂದು ಸಿ.ಡಿ.ಯನ್ನು ಓದಿಸಲು ಮೊದಲು ಫ್ಲಾಪಿಯ ಕೈಕಾಲು ಹಿಡಿಯಬೇಕಿತ್ತು.

ಹಾಗೇಕೆ ಎಂದು ಅರ್ಥವಾಗಲು ಸಿ.ಡಿ.ಯ ಕಡೆಯಿಂದ ಕಥೆ ಹೇಳಬೇಕು. ಹಾಡಿಗೆಂದು ಹುಟ್ಟಿದ ಸಿ.ಡಿ.ಯ ಮೇಲೆ ಕಡತಗಳನ್ನು ಹೇಗೆ ಜೋಡಿಸಬೇಕೆಂದು ಒಮ್ಮತಕ್ಕೆ ಬರಲು ಕಂಪನಿಗಳ ಪ್ರತಿನಿಧಿಗಳು 1985ರಲ್ಲಿ ಅಮೆರಿಕದ ಟಾಹೋ ಸರೋವರದ ಬಳಿಯ ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಸೇರಿದರು. ಅವರ ಒಪ್ಪಂದ ಹೋಟೆಲಿನ ಹೆಸರನ್ನೇ ಪಡೆಯಿತು. ಅದೇ ತಿದ್ದುಪಡಿಗೊಂಡು 1988ರಲ್ಲಿ ಐಎಸ್ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇಂದಿಗೂ ಡಿಸ್ಕಿನ ಪ್ರತಿಬಿಂಬ ಕಡತವನ್ನು ‘ಐಎಸ್ಒ’ ಎಂದು ಕರೆಯುವುದು ಇದರಿಂದಲೇ. ಅದನ್ನು ರೂಪಿಸಿದವರು ಡಿಸ್ಕಿನ ಮೊದಲ 16 ವಿಭಾಗಗಳನ್ನು, ಎಂದರೆ 32,768 ಬೈಟುಗಳನ್ನು, ಯಾರಿಗೂ ಕೊಡದೆ ಖಾಲಿ ಬಿಟ್ಟರು. ಆದರೆ ಯಂತ್ರ ಸಿ.ಡಿ.ಯಿಂದ ಹೇಗೆ ಏಳಬೇಕೆಂದು ಅದು ಪಿಸಿಗಳಿಗೆ ಹೇಳಲಿಲ್ಲ. ಬಯಾಸ್‌ಗೆ ಗೊತ್ತಿದ್ದದ್ದು 512 ಬೈಟಿನ ತುಣುಕು, ಸಿ.ಡಿ.ಯ ತುಣುಕು 2,048 ಬೈಟಿನದು. ಇಬ್ಬರಿಗೂ ಭಾಷೆ ಒಂದಾಗಿರಲಿಲ್ಲ.

ಆ ದುಭಾಷಿಯ ಕೆಲಸ ಮಾಡಿದ್ದು ‘ಎಲ್ ಟೊರಿಟೊ’ ಎಂಬ ವಿಚಿತ್ರ ಹೆಸರಿನ ಒಡಂಬಡಿಕೆ. ಫೀನಿಕ್ಸ್ ಕಂಪನಿಯ ಕರ್ಟಿಸ್ ಸ್ಟೀವನ್ಸ್ ಮತ್ತು ಐಬಿಎಂನ ಸ್ಟಾನ್ ಮರ್ಕಿನ್ 1995ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ಅರ್ವೈನ್ ಊರಿನ ಒಂದು ಮೆಕ್ಸಿಕನ್ ಊಟದ ಮನೆಯ ಹೆಸರು ಅದು, ಯೋಚನೆ ಮೊಳೆತದ್ದು ಅಲ್ಲಿನ ಮೇಜಿನ ಮೇಲೆ ಎಂಬ ಪ್ರತೀತಿ ಇದೆ. ಒಂದು ಮಾನಕಕ್ಕೆ ಹೋಟೆಲಿನ ಹೆಸರು, ಅದರ ಮೇಲಿನ ಇನ್ನೊಂದಕ್ಕೆ ಊಟದ ಮನೆಯ ಹೆಸರು! ಒಡಂಬಡಿಕೆಯ ಪ್ರಕಾರ ಬಯಾಸ್ ಸಿ.ಡಿ.ಯ 17ನೇ ವಿಭಾಗವನ್ನು ಓದುತ್ತದೆ. ಅಲ್ಲಿ ಎಲ್ ಟೊರಿಟೊ ಎಂಬ ಹೆಸರು ಬರೆದಿದ್ದರೆ ಅಲ್ಲಿಂದ ಒಂದು ‘ಬೂಟ್ ಕ್ಯಾಟಲಾಗ್’ಗೆ ದಾರಿ ತಿಳಿಯುತ್ತದೆ. ಆ ಕ್ಯಾಟಲಾಗ್ ಎಬ್ಬಿಸಬೇಕಾದ ಪ್ರತಿಬಿಂಬ ಎಲ್ಲಿದೆ ಎಂದು ತಿಳಿಸುತ್ತದೆ. ಪ್ರತಿಬಿಂಬ ಒಂದು ಫ್ಲಾಪಿಯದ್ದಾದರೆ ಬಯಾಸ್ ಸುಳ್ಳು ಹೇಳಲೂ ಸಿದ್ಧ. ಡಾಸ್ ಕೇಳಿದಾಗ ‘ಹೌದು, ಎ ಡ್ರೈವಿನಲ್ಲಿ ಫ್ಲಾಪಿ ಇದೆ’ ಎಂದು ನಂಬಿಸಿ ಸಿ.ಡಿ.ಯಿಂದ ಓದಿ ಕೊಡುತ್ತದೆ.

ಈ ಇತಿಹಾಸದಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿ ಇಲ್ಲಿದೆ. ಎಲ್ ಟೊರಿಟೊ ಬರೆದವರು ಒಂದೇ ಸಿ.ಡಿ.ಯಲ್ಲಿ ಹಲವು ಬೂಟ್ ಪ್ರತಿಬಿಂಬಗಳಿರಬಹುದು ಎಂದು ಮೊದಲೇ ಎಣಿಸಿದ್ದರು. ಕ್ಯಾಟಲಾಗಿನಲ್ಲಿ ಅವುಗಳಿಗೆ ಜಾಗವನ್ನೂ ಇಟ್ಟಿದ್ದರು. ಯಾವುದು ಬೇಕೆಂದು ಆರಿಸುವ ಕೆಲಸ ಬಯಾಸ್‌ನದು. ಆದರೆ ಬಯಾಸ್ ತಯಾರಿಸುವವರಲ್ಲಿ ಹೆಚ್ಚಿನವರು ಕ್ಯಾಟಲಾಗಿನ ಮೊದಲ ನಮೂದನ್ನು ಮಾತ್ರ ಓದಿ ಕೈತೊಳೆದುಕೊಂಡರು. ಗ್ರಾಹಕನಿಗೆ ವಿಂಡೋಸ್ ಸಿ.ಡಿ. ಎದ್ದರೆ ಸಾಕು, ಆಯ್ಕೆ ಯಾರಿಗೆ ಬೇಕು? ಹೀಗೆ ಕಾಗದದ ಮೇಲಿದ್ದ ಮೆನು ಯಂತ್ರಕ್ಕೆ ಇಳಿಯಲಿಲ್ಲ. ಬಯಾಸ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಡಿಸ್ಕೇ ಕೇಳಬೇಕಾಯಿತು. ಬಹು ಬೂಟ್ ಡಿಸ್ಕಿನ ಕಸುಬು ಹುಟ್ಟಿದ್ದು ಈ ಅಸಡ್ಡೆಯ ಸಂದಿಯಲ್ಲಿ.

ಆ ಸಂದಿಯನ್ನು ತುಂಬಿದವರಲ್ಲಿ ಇಬ್ಬರನ್ನು ಹೆಸರಿಸಬೇಕು. ನೆದರ್‌ಲ್ಯಾಂಡ್ಸಿನ ಬಾರ್ಟ್ ಲಾಖರ್‌ವೈ ಸಿ.ಡಿ.ಯ ಮೇಲಿನ ಹಲವು ಫ್ಲಾಪಿ ಪ್ರತಿಬಿಂಬಗಳಲ್ಲಿ ಬೇಕಾದ್ದನ್ನು ಎಬ್ಬಿಸುವ ‘ಡಿಸ್ಕ್ ಎಮ್ಯು’ ಬರೆದ. ಸ್ವೀಡನ್ ಮೂಲದ ಎಚ್. ಪೀಟರ್ ಆನ್‌ವಿನ್ 1994ರಲ್ಲಿ ಲಿನಕ್ಸ್ ಫ್ಲಾಪಿಗಳಿಗಾಗಿ ಸಿಸ್‌ಲಿನಕ್ಸ್ ಶುರುಮಾಡಿ, ಮುಂದೆ ಸಿ.ಡಿ.ಗಾಗಿ ಐಸೋಲಿನಕ್ಸ್ ಬರೆದ. ಐಸೋಲಿನಕ್ಸ್ ಫ್ಲಾಪಿಯ ವೇಷ ಹಾಕುವುದಿಲ್ಲ. ಬಯಾಸ್ ಅದಕ್ಕೆ ಲಗಾಮು ಕೊಟ್ಟೊಡನೆ ಸಿ.ಡಿ.ಯನ್ನು ಸಿ.ಡಿ.ಯಾಗಿಯೇ ಓದುತ್ತದೆ. ಹೀಗಾಗಿ 2.88 ಮೆಗಾಬೈಟಿನ ಫ್ಲಾಪಿಯ ಗೋಡೆ ಕುಸಿದು 700 ಮೆಗಾಬೈಟಿನ ಬಯಲು ತೆರೆಯಿತು. ಅದರ ಜೊತೆಗಾರ ಮೆಮ್‌ಡಿಸ್ಕ್ ಇನ್ನೂ ಚತುರ. ಇಡೀ ಫ್ಲಾಪಿಯ ಪ್ರತಿಬಿಂಬವನ್ನು ಮೆಮೊರಿಯ ಒಂದು ಮೂಲೆಗೆ ಸುರಿದು, ಡಿಸ್ಕ್ ಓದುವ ಬಯಾಸ್ ಕರೆಯನ್ನು ನಡುವೆಯೇ ಹಿಡಿದು, ಮೆಮೊರಿಯಿಂದ ಉತ್ತರ ಕೊಡುತ್ತದೆ. ಹಳೆಯ ಫ್ಲಾಪಿಗಳ ರಾಶಿಯೆಲ್ಲ, ಒಂದಕ್ಷರವನ್ನೂ ಬದಲಿಸದೆ, ಒಂದೇ ಸಿ.ಡಿ.ಯೊಳಗೆ ಬಂದು ಕೂತದ್ದು ಹೀಗೆ.

ಮೆನುವಿನ ಭಾಗ ಬರಬರುತ್ತ ಬೆಳೆಯಿತು. ಆರಂಭದಲ್ಲಿ ಪರದೆಯ ಮೇಲೆ ಒಂದು ಸೂಚನೆ, ಹೆಸರು ಟೈಪ್ ಮಾಡಿದರೆ ಆ ತಂತ್ರಾಂಶ ಏಳುತ್ತಿತ್ತು. ಆಮೇಲೆ ಬಾಣದ ಕೀಲಿಯಿಂದ ಆರಿಸುವ ಪಠ್ಯ ಮೆನು, ಹಿನ್ನೆಲೆಯ ಚಿತ್ರವಿಡಬಹುದಾದ ಚಿತ್ರಮೆನು ಬಂದವು. ಮುರಳಿ ಕೃಷ್ಣನ್ ಗಣಪತಿ ಎಂಬ ತಂತ್ರಜ್ಞ ಉಪಮೆನುಗಳುಳ್ಳ ಒಂದು ಮೆನು ವ್ಯವಸ್ಥೆಯನ್ನೇ ಬರೆದು ಸಿಸ್‌ಲಿನಕ್ಸಿಗೆ ಸೇರಿಸಿದ. ಕೊನೆಗೆ ಒಂದು ಸರಳ ಪಠ್ಯ ಕಡತದಲ್ಲಿ ‘ಇಲ್ಲಿಂದ ಉಪಮೆನು ಶುರು, ಇಲ್ಲಿಗೆ ಮುಗಿಯಿತು’ ಎಂದು ಬರೆದರೆ ಸಾಕು ಎನ್ನುವಷ್ಟು ಸಲೀಸಾಯಿತು.

ಸಲಕರಣೆ ಸಲೀಸಾದ ಮೇಲೆ ಸಂಕಲನಕಾರರು ಬಂದರು. ಜರ್ಮನಿಯ ಕ್ಲಾಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್, ಹಾರ್ಡ್ ಡಿಸ್ಕನ್ನು ಮುಟ್ಟದೆ ಇಡೀ ಲಿನಕ್ಸ್ ವ್ಯವಸ್ಥೆಯನ್ನು ಸಿ.ಡಿ.ಯಿಂದಲೇ ಓಡಿಸಬಹುದೆಂದು ಜಗತ್ತಿಗೆ ತೋರಿಸಿತು. ಸುಮಾರು 2 ಗಿಗಾಬೈಟಿನ ತಂತ್ರಾಂಶವನ್ನು ಹಿಂಡಿ 700 ಮೆಗಾಬೈಟಿಗೆ ಇಳಿಸಿತ್ತು ಅದು. ವಿಕ್ಟರ್ ಚ್ಯೂ ಕಟ್ಟಿದ ಅಲ್ಟಿಮೇಟ್ ಬೂಟ್ ಸಿ.ಡಿ. ಉಚಿತವಾಗಿ ಹಂಚಬಹುದಾದ ರೋಗಪತ್ತೆ ಉಪಕರಣಗಳನ್ನು ಒಂದೆಡೆ ತಂದಿತು. ಈ ಬರಹದ ಆರಂಭದಲ್ಲಿ ಹೇಳಿದ ಪಟ್ಟಿ ಅದರದೇ ಮಾದರಿಯದು. ಅದರ ಹಾರ್ಡ್ ಡಿಸ್ಕ್ ಉಪಮೆನುವಿನೊಳಗೆ ಮತ್ತೆ ಪರೀಕ್ಷೆ, ನಕಲು, ಕಡತ ಮರಳಿ ಪಡೆಯುವುದು, ವಿಭಾಗ ಮಾಡುವುದು, ಅಳಿಸುವುದು ಎಂದು ಕವಲುಗಳು.

ಇನ್ನೊಂದು ಕಡೆ, ರಿಪೇರಿ ಮಾಡುವವರ ಚೀಲದಲ್ಲಿ ಅದಕ್ಕಿಂತ ಹೆಚ್ಚು ಸಲ ಕಾಣುತ್ತಿದ್ದ ಹೈರೆನ್ಸ್ ಬೂಟ್ ಸಿ.ಡಿ. ಇತ್ತು. ಅದರ ಹಳೆಯ ಆವೃತ್ತಿಗಳಲ್ಲಿ ಹಣ ಕೊಟ್ಟು ಕೊಳ್ಳಬೇಕಾದ, ಹಂಚಲು ಅನುಮತಿ ಇಲ್ಲದ ತಂತ್ರಾಂಶಗಳೂ ಇದ್ದವು. 2012ರ 15.2ನೇ ಆವೃತ್ತಿಗೆ ಆ ಸರಣಿ ನಿಂತು, ಹಲವು ವರ್ಷಗಳ ಮೇಲೆ ಬೇರೆ ರೂಪದಲ್ಲಿ ಮರಳಿತು. ಈ ಹಕ್ಕಿನ ತೊಡಕನ್ನು ಬಾರ್ಟ್ ಲಾಖರ್‌ವೈ ಬಿಡಿಸಿದ ಬಗೆ ನನಗೆ ಮೆಚ್ಚುಗೆ. ವಿಂಡೋಸನ್ನೇ ಸಿ.ಡಿ.ಯಿಂದ ಎಬ್ಬಿಸುವ ಡಿಸ್ಕನ್ನು ಅವನು ಹಂಚಲಿಲ್ಲ, ಅದನ್ನು ಕಟ್ಟುವ ತಂತ್ರಾಂಶವನ್ನು ಹಂಚಿದ. ನಿಮ್ಮ ಬಳಿ ಇರುವ ವಿಂಡೋಸ್ ಸಿ.ಡಿ. ಹಾಕಿ, ಅಡುಗೆ ನೀವೇ ಮಾಡಿಕೊಳ್ಳಿ, ವಿಧಾನ ಮಾತ್ರ ನನ್ನದು ಎಂದಂತೆ.

ನಾನೂ ಇಂಥ ಒಂದು ಡಿಸ್ಕ್ ಕಟ್ಟಿದ್ದೇನೆ. ತಾಂತ್ರಿಕವಾಗಿ ಅದು ಒಂದು ಸಂಜೆಯ ಕೆಲಸ. ಉಪಕರಣಗಳ ಪ್ರತಿಬಿಂಬಗಳನ್ನು ಒಂದು ಫೋಲ್ಡರಿಗೆ ಹಾಕಿ, ಐಸೋಲಿನಕ್ಸ್ ಸೇರಿಸಿ, ಮೆನುವಿನ ಕಡತ ಬರೆದು, ಎಲ್ಲವನ್ನೂ ಒಂದು ಐಎಸ್ಒ ಮಾಡಿ ಸುಟ್ಟರೆ ಆಯಿತು. ದಿನಗಟ್ಟಲೆ ಹಿಡಿದದ್ದು ಯಾವುದರ ಕೆಳಗೆ ಯಾವುದು ಬರಬೇಕು ಎಂಬ ತೀರ್ಮಾನ. ಪ್ರಸಿದ್ಧ ಡಿಸ್ಕುಗಳೆಲ್ಲ ಯಂತ್ರದ ಅಂಗಗಳ ಪ್ರಕಾರ ಮೆನು ಮಾಡಿದ್ದವು. ಅದು ಬಲ್ಲವರ ವರ್ಗೀಕರಣ. ಕೆಟ್ಟ ಯಂತ್ರದ ಮುಂದೆ ಕೂತವನಿಗೆ ತಿಳಿದಿರುವುದು ಲಕ್ಷಣ ಮಾತ್ರ: ‘ನಡುನಡುವೆ ತಾನೇ ಆಫ್ ಆಗುತ್ತದೆ’, ‘ಟಕ್ ಟಕ್ ಸದ್ದು ಬರುತ್ತದೆ’, ‘ಕಡತಗಳು ಮಾಯವಾಗಿವೆ’. ಹೊಟ್ಟೆನೋವೆಂದು ಬಂದವನನ್ನು ಯಕೃತ್ತಿನ ವಿಭಾಗವೋ ಮೂತ್ರಪಿಂಡದ ವಿಭಾಗವೋ ನೀನೇ ಹೇಳು ಎಂದರೆ ಹೇಗೆ? ನನ್ನ ಮೊದಲ ಮೆನು ಲಕ್ಷಣಗಳದ್ದಾಯಿತು, ಅಂಗಗಳು ಉಪಮೆನುವಿಗೆ ಹೋದವು.

ಎರಡನೆಯ ತೀರ್ಮಾನ ಅಪಾಯದ್ದು. ಬರೀ ಓದಿ ನೋಡುವ ಉಪಕರಣಗಳು ಬೇರೆ, ಡಿಸ್ಕಿನ ಮೇಲೆ ಬರೆಯುವವು ಬೇರೆ, ಎಲ್ಲವನ್ನೂ ಅಳಿಸುವವು ಬೇರೆ. ಹಳೆಯ ಯಂತ್ರ ಮಾರುವ ಮುಂಚೆ ಡಿಸ್ಕನ್ನು ಪೂರ್ತಿ ಒರೆಸಿಹಾಕುವ ಡಿಬ್ಯಾನ್ ಎಂಬ ಉಪಕರಣ ಪ್ರತಿ ಸಂಕಲನದಲ್ಲೂ ಇರುತ್ತಿತ್ತು. ಮೆಮೊರಿ ಪರೀಕ್ಷೆಯ ಮುಂದಿನ ಸಾಲಿನಲ್ಲೇ ಅದನ್ನಿಟ್ಟರೆ, ಬಾಣದ ಕೀಲಿ ಒಮ್ಮೆ ಹೆಚ್ಚು ಒತ್ತಿದವನ ಮದುವೆಯ ಫೋಟೋಗಳಿಗೆ ಗಂಡಾಂತರ. ಹಾಗಾಗಿ ಆಳಕ್ಕೆ ಹೋದಷ್ಟೂ ಅಪಾಯ ಹೆಚ್ಚು ಎಂಬ ನಿಯಮ ಮಾಡಿಕೊಂಡೆ. ಅಳಿಸುವ ಉಪಕರಣಕ್ಕೆ ಮೂರು ಉಪಮೆನು ದಾಟಿಯೇ ಹೋಗಬೇಕು. ಉಪಮೆನು ಇರುವುದು ಪಟ್ಟಿ ಗಿಡ್ಡವಾಗಲಿ ಎಂದಷ್ಟೇ ಅಲ್ಲ, ಅದೊಂದು ಹೊಸ್ತಿಲು. ದಾಟುವವನು ಒಂದು ಗಳಿಗೆ ನಿಂತು ಯೋಚಿಸಲಿ ಎಂದು ಇಟ್ಟದ್ದು. ಹಾಗೆಯೇ ಯಾರೂ ಏನೂ ಒತ್ತದಿದ್ದರೆ ಕೆಲವು ಸೆಕೆಂಡುಗಳ ನಂತರ ಯಂತ್ರ ತನ್ನ ಹಾರ್ಡ್ ಡಿಸ್ಕಿನಿಂದಲೇ ಎಂದಿನಂತೆ ಏಳಬೇಕು. ಡ್ರೈವಿನಲ್ಲಿ ಮರೆತ ಡಿಸ್ಕು ಯಾರಿಗೂ ತೊಂದರೆ ಕೊಡಬಾರದು. ಐಸೋಲಿನಕ್ಸಿನಲ್ಲಿ ಈ ಕಾಯುವ ಹೊತ್ತನ್ನು ಸೆಕೆಂಡಿನ ಹತ್ತನೇ ಒಂದರ ಲೆಕ್ಕದಲ್ಲಿ ಬರೆಯಬೇಕು, 100 ಎಂದರೆ 10 ಸೆಕೆಂಡು.

ಮೂರನೆಯದು ಭಾಷೆ. ಮೆನು ಕನ್ನಡದಲ್ಲಿರಲಿ ಎಂದು ಆಸೆಪಟ್ಟೆ. ಬಯಾಸ್ ಕಾಲದ ಪಠ್ಯ ಪರದೆ ಎಂದರೆ 80 ಕಂಬಸಾಲು, 25 ಅಡ್ಡಸಾಲಿನ ಚೌಕುಳಿ. ಒಂದು ಚೌಕದಲ್ಲಿ ಒಂದು ಗುರುತು, ಗುರುತುಗಳು ಒಟ್ಟು 256. ಒತ್ತಕ್ಷರ ಕೆಳಗೆ ಇಳಿಯಲು, ದೀರ್ಘ ಪಕ್ಕಕ್ಕೆ ಚಾಚಲು ಅಲ್ಲಿ ಎಡೆಯಿಲ್ಲ. ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳನ್ನು ಪರದೆಗೆ ತರಲು ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ಎಂಬ ಪ್ರತ್ಯೇಕ ಕಾರ್ಡನ್ನೇ ಯಂತ್ರಕ್ಕೆ ಜೋಡಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಕೆಟ್ಟ ಯಂತ್ರಕ್ಕೆ ಅಂಥ ಕಾರ್ಡ್ ಎಲ್ಲಿಂದ ತರುವುದು? ನಾನು ಕಂಡುಕೊಂಡ ದಾರಿ ಚಿತ್ರಮೆನು. ಅದರ ಹಿನ್ನೆಲೆಗೆ 640ಕ್ಕೆ 480ರ ಒಂದು ಚಿತ್ರ ಇಡಬಹುದು. ತಲೆಬರಹವನ್ನೂ ‘ಇಲ್ಲಿಂದ ಮುಂದೆ ಹೋದರೆ ಕಡತಗಳು ಅಳಿಸಿಹೋಗುತ್ತವೆ’ ಎಂಬ ಎಚ್ಚರಿಕೆಯನ್ನೂ ಕನ್ನಡದಲ್ಲಿ ಬರೆದು ಚಿತ್ರವಾಗಿಸಿ ಹಿಂದೆ ಅಂಟಿಸಿದೆ. ಯಂತ್ರಕ್ಕೆ ಅದು ಬರಹವೆಂದು ತಿಳಿಯಲಿಲ್ಲ, ಓದುವವನಿಗೆ ತಿಳಿಯಿತು, ಅಷ್ಟು ಸಾಕಿತ್ತು.

ಈ ಲೋಕ ಕರಗತೊಡಗಿದ್ದು ಯುಇಎಫ್ಐ ಬಂದ ಮೇಲೆ. ಬಯಾಸ್‌ನ ಜಾಗಕ್ಕೆ ಬಂದ ಈ ವ್ಯವಸ್ಥೆ 512 ಬೈಟುಗಳ ಹಳೆಯ ಬಾಗಿಲನ್ನು ಬಿಟ್ಟು, ಡಿಸ್ಕಿನ ಒಂದು ವಿಭಾಗದಲ್ಲಿರುವ ಕಡತವನ್ನು ಹೆಸರು ಹಿಡಿದು ಕರೆದು ಓಡಿಸುತ್ತದೆ. ಹಳೆಯ ಬಯಾಸ್ ಕರೆಗಳು ಅಲ್ಲಿಲ್ಲ. ಕೆಲವು ವರ್ಷ ಹೊಂದಾಣಿಕೆಯ ಒಂದು ಪದರ ಉಳಿಯಿತು. 2020ರ ಹೊತ್ತಿಗೆ ಅದನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲಿ ಹೇಳಿತು. ಆ ಪದರ ಹೋದ ಯಂತ್ರದಲ್ಲಿ ಡಾಸ್ ಏಳದು, ಡಾಸ್ ಏಳದಿದ್ದರೆ ಡಾಸ್‌ಗಾಗಿ ಬರೆದ ಉಪಕರಣಗಳೂ ಏಳವು.

ಅದರ ಬೆನ್ನಿಗೇ ಸೆಕ್ಯೂರ್ ಬೂಟ್ ಬಂತು. 2012ರಲ್ಲಿ ವಿಂಡೋಸ್ 8ರ ಜೊತೆ ಮನೆಮನೆಗೆ ಬಂದ ಈ ಏರ್ಪಾಡಿನಲ್ಲಿ, ಯಂತ್ರ ನಂಬುವ ಕೀಲಿಯ ಸಹಿ ಇಲ್ಲದ ಯಾವ ಕೋಡೂ ಮೊದಲ ಕ್ಷಣದಲ್ಲಿ ಓಡುವಂತಿಲ್ಲ. ಪಿಸಿಗಳಲ್ಲಿ ಆ ಕೀಲಿ ಬಹುಪಾಲು ಮೈಕ್ರೋಸಾಫ್ಟಿನದು. ಬ್ರೇನ್ ವೈರಸ್ ಕಂಡವರಿಗೆ ಇದರ ಅಗತ್ಯ ಅರ್ಥವಾಗುತ್ತದೆ. ಕಳ್ಳ ಬರುವ ಬಾಗಿಲಿಗೆ ಕೊನೆಗೂ ಬೀಗ ಬಿತ್ತು. ಆದರೆ ಬೀಗದ ಕೈ ಮನೆಯವನ ಬಳಿ ಇದೆಯೇ? ವಿಂಡೋಸ್ 8ರ ಕಾಲದಲ್ಲಿ ಮೈಕ್ರೋಸಾಫ್ಟಿನ ಪ್ರಮಾಣಪತ್ರ ಬೇಕಾದ ಸಾಮಾನ್ಯ ಪಿಸಿಗಳಲ್ಲಿ ಬಳಕೆದಾರನು ಸೆಕ್ಯೂರ್ ಬೂಟನ್ನು ನಿಲ್ಲಿಸಲು ಸಾಧ್ಯವಿರಲೇಬೇಕಿತ್ತು. ವಿಂಡೋಸ್ 10ರ ಹೊತ್ತಿಗೆ ಅದು ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವಾಯಿತು. ಎರಡು ನಿಯಮಗಳ ನಡುವಿನ ವ್ಯತ್ಯಾಸ ಒಂದೇ ಪದದ್ದು, ಆದರೆ ಆ ಪದದಲ್ಲಿ ಒಡೆತನದ ಪ್ರಶ್ನೆ ಅಡಗಿದೆ.

ಕಸುಬು ಇಲ್ಲಿಗೂ ನಿಲ್ಲಲಿಲ್ಲ. 2020ರಲ್ಲಿ ಬಂದ ವೆಂಟಾಯ್ ಎಂಬ ಉಪಕರಣದಲ್ಲಿ ಮೆನು ಬರೆಯುವ ಕೆಲಸವೂ ಇಲ್ಲ. ಐಎಸ್ಒ ಕಡತಗಳನ್ನು ಪೆನ್ ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಸಾಕು, ಯಂತ್ರ ಏಳುವಾಗ ಅವೆಲ್ಲ ತಾವಾಗಿ ಪಟ್ಟಿಯಾಗುತ್ತವೆ. ಸೆಕ್ಯೂರ್ ಬೂಟ್ ಇರುವಲ್ಲಿ ಮೊದಲ ಸಲ ಯಂತ್ರದ ಮುಂದೆ ಕೂತು ‘ಈ ಕೀಲಿಯನ್ನು ನಾನು ಒಪ್ಪುತ್ತೇನೆ’ ಎಂದು ಕೈಯಾರೆ ನೋಂದಾಯಿಸಬೇಕು. ಮೆಮ್‌ಟೆಸ್ಟ್86ರಿಂದ ಕವಲೊಡೆದು ಬೆಳೆದ ಮೆಮ್‌ಟೆಸ್ಟ್86 ಪ್ಲಸ್ 2022ರಲ್ಲಿ ಹೊಸದಾಗಿ ಬರೆಯಲ್ಪಟ್ಟು ಯುಇಎಫ್ಐ ಯಂತ್ರಗಳಲ್ಲೂ ಏಳತೊಡಗಿತು. ಇವತ್ತು ಮತ್ತೆ ಅಂಥದ್ದೊಂದು ಡಿಸ್ಕ್ ಕಟ್ಟುವವರಿಗೆ ದಾರಿ ಇದೆ, ನಡೆಯುವ ನೆಲ ಮಾತ್ರ ಬೇರೆ.

ಇದೆಲ್ಲ ಹಳೆಯ ಕಾಲದ ಹವ್ಯಾಸಿಗಳ ಕಥೆ ಎಂದು ಯಾರಾದರೂ ಎಂದರೆ ನಾನು 2024ರ ಜುಲೈ 19ನ್ನು ನೆನಪಿಸುತ್ತೇನೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರ್ಣ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ಕೂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರ ಸಾಲು ಬೆಳೆಯಿತು, ದೇಶದ ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅಳಿಸಬೇಕಿದ್ದದ್ದು ಒಂದು ಪುಟ್ಟ ಕಡತ. ಆದರೆ ವಿಂಡೋಸ್ ಏಳುತ್ತಿರಲಿಲ್ಲವಾದ್ದರಿಂದ ಅದನ್ನು ಹೊರಗಿನಿಂದ ಬಂದೇ ಅಳಿಸಬೇಕಿತ್ತು. ದೂರದಿಂದ ಆಜ್ಞೆ ಕೊಡುವ ಅತ್ಯಾಧುನಿಕ ವ್ಯವಸ್ಥೆಗಳೆಲ್ಲ ಕೈಚೆಲ್ಲಿದಾಗ, ಅಸಂಖ್ಯ ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯ ಹೋಗಿ ಕೂರಬೇಕಾಯಿತು. ಮೈಕ್ರೋಸಾಫ್ಟ್ ಅವರ ಕೈಗೆ ಕೊಟ್ಟ ಸಲಕರಣೆಗಳಲ್ಲೊಂದು ಯುಎಸ್‌ಬಿಯಿಂದ ಬೂಟ್ ಆಗುವ ದುರಸ್ತಿ ಉಪಕರಣ. ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಟ್ಟಲ್ಲಿ ಅದರ ಕೀಲಿಯನ್ನೂ ಹುಡುಕಿ ತರಬೇಕಿತ್ತು.

ಆಲ್ಟೇರಿನ ಸ್ವಿಚ್ಚುಗಳಿಂದ ಆ ಜುಲೈಯವರೆಗೆ ಯಂತ್ರಗಳ ವೇಗ ಎಷ್ಟೋ ಸಾವಿರ ಪಟ್ಟು ಬೆಳೆದಿದೆ. ಬಿದ್ದ ಯಂತ್ರವನ್ನು ಎಬ್ಬಿಸುವ ರೀತಿ ಮಾತ್ರ ಅದೇ: ಒಬ್ಬ ಮನುಷ್ಯ ಮುಂದೆ ಕೂತಿರಬೇಕು, ಅವನ ಕೈಯಲ್ಲಿ ಹೊರಗಿನದೊಂದು ಡಿಸ್ಕ್ ಇರಬೇಕು, ಯಂತ್ರ ಒಂದು ಗಳಿಗೆ ನಿಂತು ‘ಏನು ಮಾಡಲಿ?’ ಎಂದು ಅವನನ್ನು ಕೇಳಬೇಕು. ಈ ಮೂರರಲ್ಲಿ ಮನುಷ್ಯನೂ ಡಿಸ್ಕೂ ಹೇಗಾದರೂ ಸಿಗುತ್ತಾರೆ. ಕೇಳುವ ಯಂತ್ರವನ್ನು ಉಳಿಸಿಕೊಳ್ಳುವುದು ನಮ್ಮ ಮುಂದಿರುವ ಕೆಲಸ. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂದು ವಿಚಾರಿಸುವ ನಾವು, ಇದು ಹೊರಗಿನ ಡಿಸ್ಕಿನಿಂದ ಏಳುತ್ತದೆಯೇ, ಆ ಬೀಗದ ಕೈ ನನಗೂ ಸಿಗುತ್ತದೆಯೇ ಎಂದೂ ಒಮ್ಮೆ ಕೇಳಿದರೆ ನಷ್ಟವೇನಿಲ್ಲ.